ಉಪಗ್ರಹದ ಸಂಕೇತ ನಿಂತರೂ ವಿಮಾನಕ್ಕೆ ತಾನೆಲ್ಲಿದ್ದೇನೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಪಶ್ಚಿಮ ಏಷ್ಯಾದ ಕಡೆ ಹಾರುವ ವಿಮಾನಗಳಿಗೆ ಜಿಪಿಎಸ್ ಸಂಕೇತ ಸಿಗದಂತೆ ಅಡ್ಡಿಪಡಿಸಲಾಗುತ್ತಿದೆ, ಕೆಲವೊಮ್ಮೆ ಸುಳ್ಳು ಸಂಕೇತಗಳನ್ನೂ ಕಳುಹಿಸಲಾಗುತ್ತಿದೆ ಎಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಅಂಥ ಹೊತ್ತಿನಲ್ಲಿ, ಕೆಳಗೆ ಬರೀ ಸಮುದ್ರವಿರುವಾಗ, ವಿಮಾನಕ್ಕೆ ತನ್ನ ಸ್ಥಾನ ಹೇಗೆ ಗೊತ್ತಾಗುತ್ತದೆ? ‘ಐಆರ್‌ಎಸ್’ ಎಂಬ ಉಪಕರಣ ಹೊರಗಿನ ಸಹಾಯವಿಲ್ಲದೆಯೇ ಸ್ಥಾನ ಹೇಳುತ್ತದೆಂದೂ, ಹೊರಡುವ ಮೊದಲು ಅದಕ್ಕಾಗಿ ವಿಮಾನ ಕೆಲವು ನಿಮಿಷ ಕದಲದೆ ನಿಂತಿರಬೇಕೆಂದೂ ಕೇಳಿದ್ದೇನೆ. ನಿಂತಲ್ಲೇ ನಿಂತು ಅದು ಏನನ್ನು ತಿಳಿದುಕೊಳ್ಳುತ್ತದೆ? ನನ್ನ ಮೊಬೈಲಿನಲ್ಲೂ ಗೈರೋಸ್ಕೋಪ್ ಇದೆಯಲ್ಲ, ಅದಕ್ಕೇಕೆ ಇದು ಸಾಧ್ಯವಿಲ್ಲ?

ಉತ್ತರ: ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಐಆರ್‌ಎಸ್, ಅಂದರೆ ಇನರ್ಷಿಯಲ್ ರೆಫರೆನ್ಸ್ ಸಿಸ್ಟಮ್, ವಿಮಾನ ಎಲ್ಲಿದೆ ಎಂಬುದನ್ನು ಅಳೆಯುವುದಿಲ್ಲ. ಅದು ಅಳೆಯುವುದು ಚಲನೆಯಲ್ಲಾಗುವ ಬದಲಾವಣೆಯನ್ನು ಮಾತ್ರ. ಸ್ಥಾನವನ್ನು ಅದು ಲೆಕ್ಕ ಹಾಕಿ ಹೇಳುತ್ತದೆ. ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಬೆಳಗಿನ ಆರಂಭ ಶಿಲ್ಕನ್ನು ಬರೆದು, ದಿನವಿಡೀ ಬಂದದ್ದನ್ನು ಕೂಡಿ, ಹೋದದ್ದನ್ನು ಕಳೆಯುತ್ತ ಬಂದರೆ, ಸಂಜೆ ಹಣದ ಪೆಟ್ಟಿಗೆಯನ್ನು ತೆರೆದು ನೋಡದೆಯೇ ಅದರಲ್ಲಿ ಎಷ್ಟಿದೆ ಎಂದು ಹೇಳಬಹುದು. ಐಆರ್‌ಎಸ್ ಮಾಡುವುದು ಇದನ್ನೇ. ಜಮಾಖರ್ಚಿನಲ್ಲಿ ತಪ್ಪಿಲ್ಲದಿದ್ದರೂ ಆರಂಭ ಶಿಲ್ಕು ತಪ್ಪಿದ್ದರೆ ಸಂಜೆಯ ಮೊತ್ತವೂ ಅಷ್ಟೇ ತಪ್ಪಿರುತ್ತದೆ. ವಿಮಾನ ಕದಲದೆ ನಿಲ್ಲಬೇಕಾದ ಕಾರಣವೂ, ಈ ವ್ಯವಸ್ಥೆಯ ಬಲ ಮತ್ತು ದೌರ್ಬಲ್ಯಗಳೂ ಈ ಲೆಕ್ಕದ ಸ್ವಭಾವದಿಂದಲೇ ಹುಟ್ಟುತ್ತವೆ.

ಚಲಿಸುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವರಿಗೂ ಬಸ್ಸು ಹೊರಟಿತೆಂದು ಬೆನ್ನಿಗೆ ತಿಳಿಯುತ್ತದೆ, ಬ್ರೇಕ್ ಹಾಕಿದ್ದು ಮೊಣಕಾಲಿಗೆ ತಿಳಿಯುತ್ತದೆ, ತಿರುವು ಬಂದದ್ದು ಭುಜಕ್ಕೆ ತಿಳಿಯುತ್ತದೆ. ದೇಹದ ಜಡತ್ವ ನೀಡುವ ಈ ಸುಳಿವನ್ನೇ ಆಕ್ಸಲರೋಮೀಟರ್ ಎಂಬ ವೇಗೋತ್ಕರ್ಷಮಾಪಕ ಸಂಖ್ಯೆಯಾಗಿಸುತ್ತದೆ. ಪ್ರತಿ ಸೆಕೆಂಡಿಗೆ ವೇಗ ಎಷ್ಟು ಹೆಚ್ಚುತ್ತಿದೆ ಎಂಬುದನ್ನು ಕೂಡಿಸುತ್ತ ಹೋದರೆ ವೇಗ ಸಿಗುತ್ತದೆ. ಆ ವೇಗವನ್ನು ಮತ್ತೆ ಕೂಡಿಸುತ್ತ ಹೋದರೆ ಕ್ರಮಿಸಿದ ದೂರ ಸಿಗುತ್ತದೆ. ಪರಸ್ಪರ ಲಂಬವಾಗಿರುವ ಮೂರು ದಿಕ್ಕುಗಳಿಗೆ ಮೂರು ಮಾಪಕಗಳು, ತಿರುಗುವಿಕೆಯನ್ನು ಗಮನಿಸಲು ಅದೇ ಮೂರು ದಿಕ್ಕುಗಳಿಗೆ ಮೂರು ಗೈರೋಗಳು, ಇವೆಲ್ಲವನ್ನೂ ಓದುವ ಒಂದು ಗಣಕ. ತತ್ತ್ವದ ಮಟ್ಟದಲ್ಲಿ ಇಷ್ಟೇ. ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ಕಷ್ಟ ಶುರುವಾಗುವುದು ಗುರುತ್ವದಿಂದ. ಮೇಜಿನ ಮೇಲೆ ಸಮತಟ್ಟಾಗಿ ಇಟ್ಟ ಪೆಟ್ಟಿಗೆಯೊಳಗಿನ ಮುಮ್ಮುಖ ವೇಗೋತ್ಕರ್ಷಮಾಪಕ ಸೊನ್ನೆಯನ್ನು ತೋರಿಸುತ್ತದೆ. ಆ ಪೆಟ್ಟಿಗೆಯ ಒಂದು ಬದಿಯನ್ನು ತುಸುವೇ ಎತ್ತಿದರೂ ಗುರುತ್ವದ ಒಂದು ಸಣ್ಣ ಪಾಲು ಆ ಮಾಪಕದ ದಿಕ್ಕಿಗೆ ಬಂದು ಬೀಳುತ್ತದೆ, ಮತ್ತು ಮಾಪಕವು ಅದನ್ನು ಚಲನೆಯೆಂದೇ ವರದಿ ಮಾಡುತ್ತದೆ. ಓರೆಯಾಗಿರುವುದಕ್ಕೂ ವೇಗ ಹೆಚ್ಚುತ್ತಿರುವುದಕ್ಕೂ ವ್ಯತ್ಯಾಸ ತಿಳಿಯುವ ಉಪಾಯ ಆ ಮಾಪಕದೊಳಗೆ ಇಲ್ಲ. ಎಷ್ಟೇ ದುಬಾರಿ ಮಾಪಕ ತಂದರೂ ಇರುವುದಿಲ್ಲ, ಏಕೆಂದರೆ ಅದು ನಿಸರ್ಗದ ನಿಯಮ, ಮತ್ತು ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಕಟ್ಟಿದ್ದು ಈ ನಿಯಮದ ಮೇಲೆಯೇ. ಓರೆ ಕೇವಲ 0.1 ಡಿಗ್ರಿ ಎಂದುಕೊಳ್ಳಿ. ಗಾರೆ ಕೆಲಸದವರು ಒಂದು ಮೀಟರ್ ಉದ್ದದ ರಸಮಟ್ಟವನ್ನಿಟ್ಟು ನೋಡಿದರೆ ಒಂದು ತುದಿ ಇನ್ನೊಂದಕ್ಕಿಂತ ಎರಡು ಮಿಲಿಮೀಟರಿಗೂ ಕಡಿಮೆ ಎತ್ತರದಲ್ಲಿರುತ್ತದೆ, ಅಷ್ಟೆ. ಆದರೆ ಈ ಓರೆಯಿಂದ ಹುಟ್ಟುವ ಸುಳ್ಳು ವೇಗೋತ್ಕರ್ಷವನ್ನು ಒಂದು ಗಂಟೆ ಕಾಲ ಕೂಡಿಸುತ್ತ ಹೋದರೆ, ನಿಂತಲ್ಲೇ ನಿಂತಿರುವ ವಿಮಾನ ಗಂಟೆಗೆ 220 ಕಿಲೋಮೀಟರ್ ವೇಗದಲ್ಲಿದೆಯೆಂದೂ, ಆಗಲೇ ಸುಮಾರು 111 ಕಿಲೋಮೀಟರ್ ದೂರ ಹೋಗಿದೆಯೆಂದೂ ಗಣಕ ನಂಬುತ್ತದೆ. ಈ ವ್ಯವಸ್ಥೆಯ ಮಿಕ್ಕೆಲ್ಲ ಜಾಣ್ಮೆ ಇರುವುದು ಈ ಒಂದು ತೊಡಕನ್ನು ಬಿಡಿಸುವುದರಲ್ಲಿ: ‘ಕೆಳಗೆ’ ಎಂಬ ದಿಕ್ಕು ಯಾವುದು ಎಂಬುದನ್ನು, ವಿಮಾನ ಹೇಗೇ ವಾಲಲಿ, ಏಳಲಿ, ತಿರುಗಲಿ, ಕ್ಷಣಕ್ಷಣವೂ ನೆನಪಿಟ್ಟುಕೊಳ್ಳುವುದು.

ಆ ನೆನಪಿನ ಹೊಣೆ ಗೈರೋಗಳದು. ವೇಗವಾಗಿ ಸುತ್ತುವ ಬುಗುರಿ ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಆದರೆ ಗೈರೋ ತನ್ನ ದಿಕ್ಕನ್ನು ಕಾಪಾಡಿಕೊಳ್ಳುವುದು ನಕ್ಷತ್ರಗಳಿಗೆ ಹೋಲಿಸಿ, ನೆಲಕ್ಕೆ ಹೋಲಿಸಿ ಅಲ್ಲ. ನೆಲವೋ ಗಂಟೆಗೆ 15.04 ಡಿಗ್ರಿಯಂತೆ ತಿರುಗುತ್ತಲೇ ಇದೆ. ಜೊತೆಗೆ ಭೂಮಿ ಗುಂಡಗಿರುವುದರಿಂದ, ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನದ ‘ಕೆಳಗೆ’ ಎಂಬ ದಿಕ್ಕು ಪ್ರತಿ ಗಂಟೆಗೂ ಸುಮಾರು 8 ಡಿಗ್ರಿ ಬದಲಾಗುತ್ತದೆ. ಬೆಂಗಳೂರಿನ ತೂಕಗುಂಡು ತೋರಿಸುವ ದಿಕ್ಕೂ ದುಬೈನ ತೂಕಗುಂಡು ತೋರಿಸುವ ದಿಕ್ಕೂ ಒಂದೇ ಅಲ್ಲ. ಆದ್ದರಿಂದ ಗಣಕವು ಗೈರೋಗಳು ಹೇಳಿದ್ದರಲ್ಲಿ ಭೂಮಿಯ ತಿರುಗುವಿಕೆಯ ಪಾಲನ್ನೂ ವಿಮಾನದ ಪ್ರಯಾಣದ ಪಾಲನ್ನೂ ಕಳೆದು, ಸ್ಥಳೀಯ ಸಮತಲವನ್ನು ಸದಾ ಹೊಸದಾಗಿ ಲೆಕ್ಕ ಹಾಕುತ್ತಿರಬೇಕು.

ಇಲ್ಲಿ ನನಗೆ ಇಂದಿಗೂ ಬೆರಗು ಹುಟ್ಟಿಸುವ ಒಂದು ಸಂಗತಿ ನಡೆಯುತ್ತದೆ. ಮೇಲೆ ಹೇಳಿದ ಓರೆಯಿಂದ ಗಣಕಕ್ಕೆ ತಾನು ಮುಂದೆ ಹೋಗುತ್ತಿದ್ದೇನೆಂಬ ಭ್ರಮೆ ಉಂಟಾಯಿತೆನ್ನೋಣ. ಮುಂದೆ ಹೋಗುತ್ತಿದ್ದೇನೆಂದು ನಂಬಿದ್ದರಿಂದ ಅದು ಭೂಮಿಯ ಬಾಗಿಗೆ ತಕ್ಕಂತೆ ತನ್ನ ಸಮತಲವನ್ನು ಮುಂದಕ್ಕೆ ಬಾಗಿಸುತ್ತದೆ. ಹಾಗೆ ಬಾಗಿಸಿದಾಗ ಮೊದಲಿನ ಓರೆ ಕಡಿಮೆಯಾಗುತ್ತ ಬಂದು, ಸೊನ್ನೆಯನ್ನು ದಾಟಿ, ಎದುರು ದಿಕ್ಕಿಗೆ ತಿರುಗುತ್ತದೆ. ಈಗ ಸುಳ್ಳು ವೇಗೋತ್ಕರ್ಷ ಹಿಮ್ಮುಖವಾಗಿ, ಬೆಳೆದಿದ್ದ ಸುಳ್ಳು ವೇಗವನ್ನು ತಗ್ಗಿಸುತ್ತದೆ. ಹೀಗೆ ತಪ್ಪು ಓಡಿಹೋಗುವ ಬದಲು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗತೊಡಗುತ್ತದೆ. ಅದರ ಒಂದು ತೂಗಾಟಕ್ಕೆ ಹಿಡಿಯುವ ಕಾಲ 84.4 ನಿಮಿಷ. ಭೂಮಿಯ ತ್ರಿಜ್ಯದಷ್ಟು ಉದ್ದದ ದಾರ ಕಟ್ಟಿದ ಲೋಲಕವನ್ನು ಕಲ್ಪಿಸಿಕೊಂಡು ಸೂತ್ರದಲ್ಲಿಟ್ಟರೆ ಬರುವ ಕಾಲವೂ ಅದೇ. ವಾತಾವರಣವಿಲ್ಲದ ಭೂಮಿಯ ನೆಲಕ್ಕೆ ತಾಗುವಂತೆ ಸುತ್ತುವ ಉಪಗ್ರಹವೊಂದಿದ್ದರೆ ಅದರ ಸುತ್ತಿಗೆ ಹಿಡಿಯುವ ಕಾಲವೂ ಅದೇ. ಜರ್ಮನಿಯ ಎಂಜಿನಿಯರ್ ಮ್ಯಾಕ್ಸ್ ಶೂಲರ್ 1923ರಲ್ಲಿ ಈ ತತ್ತ್ವವನ್ನು ಪ್ರಕಟಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಹಡಗುಗಳ ಗೈರೋ ದಿಕ್ಸೂಚಿ; ಮುಂದೆ ಅದು ವಿಮಾನ, ಜಲಾಂತರ್ಗಾಮಿಗಳ ಸಂಚಾರಕ್ಕೆಲ್ಲ ಅಡಿಪಾಯವಾಯಿತು. ಅದೇ 0.1 ಡಿಗ್ರಿಯ ಓರೆಯಿಂದ ಒಂದು ಗಂಟೆಯಲ್ಲಿ 111 ಕಿಲೋಮೀಟರ್ ಆಗಿ, ಆಮೇಲೆ ಇನ್ನೂ ಬೆಳೆಯುತ್ತ ಹೋಗಬೇಕಾಗಿದ್ದ ತಪ್ಪು, ಶೂಲರ್ ತೂಗಾಟಕ್ಕೆ ಸಿಕ್ಕಿದಾಗ ಸುಮಾರು 22 ಕಿಲೋಮೀಟರನ್ನು ಮೀರದೆ ಮತ್ತೆ ಸೊನ್ನೆಯತ್ತ ಮರಳುತ್ತದೆ. ನಿಜವಾದ ವಿಮಾನದಲ್ಲಿ ಆರಂಭದ ಓರೆ ಇದಕ್ಕಿಂತ ಹತ್ತಾರು ಪಟ್ಟು ಚಿಕ್ಕದಾಗಿರುತ್ತದೆ.

ಈ ಕರುಣೆ ಎತ್ತರದ ದಿಕ್ಕಿಗೆ ಇಲ್ಲ. ಮೇಲಕ್ಕೆ ಹೋದಷ್ಟೂ ಗುರುತ್ವ ಕಡಿಮೆಯಾಗುವುದರಿಂದ ಅಲ್ಲಿ ತಪ್ಪು ತಪ್ಪನ್ನೇ ಬೆಳೆಸುತ್ತದೆ. ಆದ್ದರಿಂದ ಎತ್ತರದ ಲೆಕ್ಕವನ್ನು ವಾಯುಭಾರ ಮಾಪಕದ ಹಗ್ಗಕ್ಕೆ ಕಟ್ಟಿ ಹಾಕಿರುತ್ತಾರೆ.

ಗೈರೋ ತಾನೇ ಸುಳ್ಳು ಹೇಳಿದರೆ? ಆ ತಪ್ಪನ್ನು ಶೂಲರ್ ತೂಗಾಟವೂ ತಡೆಯಲಾರದು. ಅದು ಹೊತ್ತು ಕಳೆದಂತೆ ಬೆಳೆಯುತ್ತದೆ. ಗಂಟೆಗೆ 0.01 ಡಿಗ್ರಿ ಅಲೆಯುವ ಗೈರೋ ಸ್ಥೂಲವಾಗಿ ಗಂಟೆಗೆ 0.6 ನಾಟಿಕಲ್ ಮೈಲಿ, ಅಂದರೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು, ಸ್ಥಾನದೋಷವನ್ನು ತರುತ್ತದೆ. ಪ್ರಯಾಣಿಕ ವಿಮಾನಕ್ಕೆ ಬೇಕಾದ ದರ್ಜೆ ಇದು. ಈ ಗತಿಯಲ್ಲಿ ಒಂದು ಪೂರ್ಣ ಸುತ್ತು ತಿರುಗಲು 36,000 ಗಂಟೆ, ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು ಎಂದು ಹೇಳಿದರೆ ಅದರ ಸೂಕ್ಷ್ಮತೆ ಮನಸ್ಸಿಗೆ ಬಂದೀತು. ನಿಮ್ಮ ಮೊಬೈಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊಬೈಲಿನ ಗೈರೋ ಕಂಪಿಸುವ ಸಿಲಿಕಾನ್ ಚೂರು. ಪರದೆಯನ್ನು ಅಡ್ಡ ತಿರುಗಿಸಲು, ಫೋಟೋ ನಡುಗದಂತೆ ನೋಡಿಕೊಳ್ಳಲು ಅದು ಧಾರಾಳ ಸಾಕು. ಆದರೆ ಅದರ ಸ್ವಂತ ಅಲೆತ ಮತ್ತು ಗದ್ದಲಗಳಲ್ಲಿ ಭೂಮಿಯ ತಿರುಗುವಿಕೆಯೇ ಮುಳುಗಿಹೋಗುತ್ತದೆ. ಭೂಮಿ ತಿರುಗುತ್ತಿರುವುದನ್ನೇ ಕಾಣಲಾರದ ಗೈರೋದಿಂದ ಉತ್ತರ ದಿಕ್ಕನ್ನು ಹುಡುಕಲಾಗದು, ಸಮತಲವನ್ನು ಗಂಟೆಗಟ್ಟಲೆ ಕಾಪಾಡಲೂ ಆಗದು.

ಹಳೆಯ ವ್ಯವಸ್ಥೆಗಳಲ್ಲಿ ಗೈರೋ ಎಂದರೆ ನಿಜವಾಗಿಯೂ ತಿರುಗುವ ಚಕ್ರವೇ. ವೇಗೋತ್ಕರ್ಷಮಾಪಕಗಳನ್ನು ಹೊತ್ತ ಒಂದು ಪೀಠವನ್ನು ಗಿಂಬಲ್ ಎಂಬ ಒಂದರೊಳಗೊಂದು ಕೂರುವ ಬಳೆಗಳ ನಡುವೆ ತೂಗುಹಾಕಿ, ವಿಮಾನ ಹೇಗೆ ವಾಲಿದರೂ ಪೀಠ ಮಾತ್ರ ಸಮತಲವಾಗಿ ಉಳಿಯುವಂತೆ ಮೋಟಾರುಗಳಿಂದ ತಿರುಗಿಸುತ್ತಿದ್ದರು. ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಮತ್ತವರ ತಂಡ ಕಟ್ಟಿದ ಅಂಥ ಒಂದು ವ್ಯವಸ್ಥೆ 1953ರ ಫೆಬ್ರವರಿಯಲ್ಲಿ ಬಿ-29 ವಿಮಾನವೊಂದನ್ನು ಮ್ಯಾಸಚೂಸೆಟ್ಸ್‌ನಿಂದ ಲಾಸ್ ಏಂಜಲೀಸ್‌ವರೆಗೆ ದಾರಿ ತೋರಿಸಿ ಕರೆದೊಯ್ದಿತು. ಅದರ ತೂಕ ಒಂದು ಟನ್ನಿಗೂ ಹೆಚ್ಚಿತ್ತು. 1970ರಲ್ಲಿ ಸೇವೆಗೆ ಬಂದ ಬೋಯಿಂಗ್ 747 ವಿಮಾನ ಇಂಥದೇ ಗಿಂಬಲ್ ವ್ಯವಸ್ಥೆಗಳನ್ನು ಮೂರು ಹೊತ್ತಿತ್ತು. ಸಾಗರದ ಮೇಲೆ ನಕ್ಷತ್ರ ನೋಡಿ ಸ್ಥಾನ ಗುರುತಿಸುವುದಕ್ಕೆಂದೇ ಇದ್ದ ನ್ಯಾವಿಗೇಟರ್ ಎಂಬ ಹುದ್ದೆ ಕಾಕ್‌ಪಿಟ್‌ನಿಂದ ಮರೆಯಾದದ್ದು ಮುಖ್ಯವಾಗಿ ಈ ಯಂತ್ರಗಳಿಂದಲೇ.

1980ರ ದಶಕದ ಆರಂಭದಲ್ಲಿ ಬೋಯಿಂಗ್ 757 ಮತ್ತು 767 ವಿಮಾನಗಳೊಂದಿಗೆ ಬಂದ ಬದಲಾವಣೆ ದೊಡ್ಡದು. ಬಳೆಗಳೂ ಮೋಟಾರುಗಳೂ ಹೋದವು. ಮಾಪಕಗಳನ್ನು ನೇರವಾಗಿ ವಿಮಾನದ ಒಡಲಿಗೇ ಬಿಗಿದರು. ಸಮತಲದ ಪೀಠ ಈಗ ಲೋಹದಲ್ಲಿಲ್ಲ, ಗಣಕದ ಗಣಿತದಲ್ಲಿದೆ. ಪ್ರತಿ ಸೆಕೆಂಡಿಗೆ ನೂರಾರು ಬಾರಿ ಗೈರೋಗಳನ್ನು ಓದಿ, ಆ ಕ್ಷಣದಲ್ಲಿ ವಿಮಾನ ಯಾವ ಭಂಗಿಯಲ್ಲಿದೆಯೆಂದು ಲೆಕ್ಕ ಹಾಕಿ, ವೇಗೋತ್ಕರ್ಷಗಳನ್ನು ಆ ಕಾಲ್ಪನಿಕ ಪೀಠಕ್ಕೆ ವರ್ಗಾಯಿಸಲಾಗುತ್ತದೆ. ಇದನ್ನು ಸಾಧ್ಯವಾಗಿಸಿದ್ದು ರಿಂಗ್ ಲೇಸರ್ ಗೈರೋ. ತಾಪಕ್ಕೆ ಹಿಗ್ಗದ ಗಾಜಿನಂಥ ದಿಮ್ಮಿಯಲ್ಲಿ ತ್ರಿಕೋನಾಕಾರದ ಸುರಂಗ ಕೊರೆದು, ಮೂಲೆಗಳಲ್ಲಿ ಕನ್ನಡಿಗಳನ್ನಿಟ್ಟು, ಹೀಲಿಯಂ ಮತ್ತು ನಿಯಾನ್ ಅನಿಲಗಳಿಂದ ಲೇಸರ್ ಹುಟ್ಟಿಸಿದರೆ, ಒಂದು ಕಿರಣ ಪ್ರದಕ್ಷಿಣವಾಗಿಯೂ ಇನ್ನೊಂದು ಅಪ್ರದಕ್ಷಿಣವಾಗಿಯೂ ಸುತ್ತುತ್ತವೆ. ದಿಮ್ಮಿ ತಿರುಗಿದಾಗ ತಿರುಗುವ ದಿಕ್ಕಿನಲ್ಲೇ ಹೋಗುವ ಕಿರಣಕ್ಕೆ ದಾರಿ ಕೊಂಚ ಉದ್ದವಾಗಿ, ಎದುರು ಕಿರಣಕ್ಕೆ ಕೊಂಚ ಗಿಡ್ಡವಾಗಿ, ಎರಡರ ಕಂಪನಸಂಖ್ಯೆಗಳಲ್ಲಿ ವ್ಯತ್ಯಾಸ ಬರುತ್ತದೆ. ಎರಡನ್ನೂ ಒಂದೆಡೆ ಬೆರೆಸಿದಾಗ ಕಾಣುವ ಬೆಳಕಿನ ಪಟ್ಟಿಗಳು ಸರಿಯುವ ವೇಗವೇ ತಿರುಗುವಿಕೆಯ ಅಳತೆ. ಫ್ರಾನ್ಸಿನ ಸಾನ್ಯಾಕ್ 1913ರಲ್ಲಿ ಪ್ರಯೋಗದಿಂದ ತೋರಿಸಿದ ಪರಿಣಾಮ ಇದು. ಹತ್ತು ಸೆಂಟಿಮೀಟರ್ ಬದಿಯ ತ್ರಿಕೋನವೊಂದಕ್ಕೆ ಭೂಮಿಯ ಪೂರ್ಣ ತಿರುಗುವಿಕೆ ಸಿಕ್ಕಿದರೆ ಸೆಕೆಂಡಿಗೆ ಆರೇಳು ಪಟ್ಟಿಗಳು ಮಾತ್ರ ಸರಿಯುತ್ತವೆ, ಗಂಟೆಗೆ 0.01 ಡಿಗ್ರಿಯಾದರೆ ಒಂದು ಪಟ್ಟಿ ಸರಿಯಲು ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕು. ತೀರ ನಿಧಾನವಾಗಿ ತಿರುಗುವಾಗ ಕನ್ನಡಿಗಳಲ್ಲಿ ಚದುರುವ ಬೆಳಕಿನಿಂದ ಎರಡೂ ಕಿರಣಗಳು ಒಂದಕ್ಕೊಂದು ಅಂಟಿಕೊಂಡು ಗೈರೋ ಕಿವುಡಾಗುವ ಅಪಾಯವಿರುವುದರಿಂದ, ದಿಮ್ಮಿಯನ್ನು ಸದಾ ಸೆಕೆಂಡಿಗೆ ನೂರಾರು ಬಾರಿ ಅತ್ತಿತ್ತ ಕಂಪಿಸುತ್ತ ಇಟ್ಟಿರುತ್ತಾರೆ.

ಈಗ ನಿಂತಲ್ಲೇ ನಿಲ್ಲುವ ವಿಚಾರ. ಇದಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ವಿಮಾನ ಕದಲದೆ ನಿಂತಿರುವಾಗ ವೇಗೋತ್ಕರ್ಷಮಾಪಕಗಳಿಗೆ ತಾಗುವುದು ಗುರುತ್ವವೊಂದೇ; ಆದ್ದರಿಂದ ‘ಕೆಳಗೆ’ ಯಾವುದೆಂದು ಅವು ಹೇಳುತ್ತವೆ. ಗೈರೋಗಳಿಗೆ ತಾಗುವುದು ಭೂಮಿಯ ತಿರುಗುವಿಕೆಯೊಂದೇ. ಆ ತಿರುಗುವಿಕೆಯ ಅಕ್ಷ ನೆಲದ ಮೇಲೆ ಯಾವ ಕಡೆ ಚಾಚಿದೆಯೋ ಅದೇ ನಿಜವಾದ ಉತ್ತರ. ಕಾಂತಸೂಜಿಯ ಉತ್ತರವಲ್ಲ, ಧ್ರುವದ ಉತ್ತರ; ಪೈಲಟ್‌ಗೆ ಬೇಕಾದ ಕಾಂತೀಯ ದಿಕ್ಕನ್ನು ಗಣಕ ಆಮೇಲೆ ತನ್ನ ನೆನಪಿನ ಕೋಷ್ಟಕ ನೋಡಿ ಹೇಳುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ಸುಮಾರು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಭೂಮಿಯ 15.04 ಡಿಗ್ರಿಯ ತಿರುಗುವಿಕೆಯಲ್ಲಿ ಗಂಟೆಗೆ ಸುಮಾರು 14.6 ಡಿಗ್ರಿ ಉತ್ತರ ದಿಕ್ಕಿನ ಗೈರೋಗೂ ಸುಮಾರು 3.4 ಡಿಗ್ರಿ ಲಂಬ ಗೈರೋಗೂ ಸಿಗುತ್ತದೆ. ಈ ಎರಡರ ಅನುಪಾತದಿಂದಲೇ ತಾನು ಯಾವ ಅಕ್ಷಾಂಶದಲ್ಲಿದ್ದೇನೆಂಬುದು ಯಂತ್ರಕ್ಕೆ ತಿಳಿದುಬಿಡುತ್ತದೆ. ಧ್ರುವಗಳತ್ತ ಹೋದಂತೆ ಉತ್ತರ ದಿಕ್ಕಿನ ಪಾಲು ಕ್ಷೀಣಿಸುವುದರಿಂದ ಅಲೈನ್‌ಮೆಂಟಿಗೆ ಹೆಚ್ಚು ಹೊತ್ತು ಬೇಕು. ಸಮಭಾಜಕದ ಹತ್ತಿರ ಐದಾರು ನಿಮಿಷ ಸಾಕಾದರೆ, 70 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಕೆಲವು ಮಾದರಿಗಳಲ್ಲಿ 17 ನಿಮಿಷ ಹಿಡಿಯುತ್ತದೆ. ಸಾಮಾನು ತುಂಬುವಾಗಿನ ಕುಲುಕಾಟ, ಗಾಳಿಯ ಅಲುಗಾಟಗಳನ್ನು ಯಂತ್ರ ಸೋಸಿಕೊಳ್ಳಬಲ್ಲದು. ಟ್ರ್ಯಾಕ್ಟರ್ ಕಟ್ಟಿ ವಿಮಾನವನ್ನು ಎಳೆದರೆ ಮಾತ್ರ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಅಕ್ಷಾಂಶವನ್ನು ತಾನೇ ಕಂಡುಕೊಳ್ಳುವ ಈ ಯಂತ್ರ ರೇಖಾಂಶವನ್ನು ಕಂಡುಕೊಳ್ಳಲಾರದು. ಒಂದೇ ಅಕ್ಷಾಂಶದ ಯಾವ ಜಾಗದಲ್ಲಿ ನಿಂತರೂ ಭೂಮಿಯ ತಿರುಗುವಿಕೆ ಒಂದೇ ರೀತಿ ಕಾಣುತ್ತದೆ. ಹಿಂದಿನ ನಾವಿಕರಿಗೂ ಇದೇ ಕಷ್ಟವಿತ್ತು: ಧ್ರುವ ನಕ್ಷತ್ರ ನೋಡಿ ಅಕ್ಷಾಂಶ ಹೇಳುತ್ತಿದ್ದರು, ರೇಖಾಂಶಕ್ಕೆ ಒಳ್ಳೆಯ ಗಡಿಯಾರ ಬರುವವರೆಗೆ ಕಾಯಬೇಕಾಯಿತು. ಆದ್ದರಿಂದ ಆರಂಭ ಶಿಲ್ಕನ್ನು ಹೊರಗಿನಿಂದಲೇ ಬರೆಯಬೇಕು. ಪೈಲಟ್ ಟೈಪ್ ಮಾಡುತ್ತಾರೆ, ಇಲ್ಲವೇ ಈಗಿನ ಅನೇಕ ವಿಮಾನಗಳಲ್ಲಿ ಜಿಪಿಎಸ್ ತುಂಬಿಸುತ್ತದೆ. ಅಕ್ಷಾಂಶ ತಪ್ಪಿದರೆ ಯಂತ್ರ ತನ್ನ ಅಳತೆಗೆ ಹೋಲಿಸಿ ಆಕ್ಷೇಪಿಸುತ್ತದೆ. ರೇಖಾಂಶಕ್ಕೆ ಅಂಥ ಸ್ವಂತ ಅಳತೆಯ ಸಾಕ್ಷಿ ಅದರ ಬಳಿ ಇಲ್ಲ. 2015ರ ಮಾರ್ಚ್ 10ರಂದು ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಟ ಏರ್‌ಏಷ್ಯಾ ಎಕ್ಸ್ ಸಂಸ್ಥೆಯ ಏರ್‌ಬಸ್ ಎ330ರಲ್ಲಿ ಆದದ್ದು ಇದೇ. 151 ಡಿಗ್ರಿ 9.8 ನಿಮಿಷ ಪೂರ್ವ ಎಂದು ನಮೂದಿಸಬೇಕಾದಲ್ಲಿ 15 ಡಿಗ್ರಿ 19.8 ನಿಮಿಷ ಪೂರ್ವ ಎಂದು ನಮೂದಾಯಿತು. ಸಿಡ್ನಿಯಲ್ಲಿ ನಿಂತ ವಿಮಾನ 11,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದೇನೆಂದು ನಂಬಿತು. ತಪ್ಪನ್ನು ಗುರುತಿಸಲು ನೆಲದ ಮೇಲೆಯೇ ಹಲವು ಅವಕಾಶಗಳಿದ್ದರೂ ಅದು ಗಮನಕ್ಕೆ ಬಂದದ್ದು ಹಾರಿದ ಮೇಲೆ. ಸರಿಪಡಿಸುವ ಪ್ರಯತ್ನದಲ್ಲಿ ಇನ್ನಷ್ಟು ವ್ಯವಸ್ಥೆಗಳು ಕೈಬಿಟ್ಟವು, ಸಿಡ್ನಿಯಲ್ಲಿ ಹವಾಮಾನ ಸರಿಯಿಲ್ಲದ್ದರಿಂದ ಕೊನೆಗೆ ವಿಮಾನ ಮೆಲ್ಬರ್ನ್‌ನಲ್ಲಿ ಇಳಿಯಿತು. ಒಂದು ಅಂಕಿ ಜಾರಿದ್ದರ ಫಲ ಇದು ಎಂಬುದನ್ನು ಕಾಕ್‌ಪಿಟ್ ಸೇರಬಯಸುವ ಪ್ರತಿ ವಿದ್ಯಾರ್ಥಿಗೂ ತಿಳಿಸಿ ಹೇಳಬೇಕು.

ಹೆಸರಿನಲ್ಲಿ ‘ರೆಫರೆನ್ಸ್’ ಎಂಬ ಪದವಿರುವುದೂ ಸುಮ್ಮನಲ್ಲ. ಸ್ಥಾನಕ್ಕಿಂತ ಮಿಗಿಲಾಗಿ ವಿಮಾನದ ಮೂತಿ ಎಷ್ಟು ಏರಿದೆ, ರೆಕ್ಕೆ ಎಷ್ಟು ವಾಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಆಟೋಪೈಲಟ್‌ಗೂ ಪೈಲಟ್ ಮುಂದಿನ ಪರದೆಗಳಿಗೂ ಹವಾಮಾನ ರಾಡಾರಿಗೂ ಒದಗಿಸುವುದು ಇದೇ ಯಂತ್ರ. ಮೋಡದೊಳಗೆ ಕ್ಷಿತಿಜ ಕಾಣದಿರುವಾಗ ಪೈಲಟ್‌ಗೆ ಕ್ಷಿತಿಜ ಇದೇ. 2005ರ ಆಗಸ್ಟ್ 1ರಂದು ಪರ್ತ್‌ನಿಂದ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನದ ಜಡತ್ವ ಘಟಕದಲ್ಲಿ ಆರು ವೇಗೋತ್ಕರ್ಷಮಾಪಕಗಳಿದ್ದವು. ಅವುಗಳಲ್ಲೊಂದು 2001ರಲ್ಲೇ ಕೆಟ್ಟಿದ್ದರಿಂದ ಯಂತ್ರ ಅದನ್ನು ಬದಿಗಿಟ್ಟಿತ್ತು. ಅಂದು ಇನ್ನೊಂದು ಕೆಟ್ಟಾಗ, ತಂತ್ರಾಂಶದಲ್ಲಿ ಅಡಗಿದ್ದ ದೋಷದಿಂದಾಗಿ, ನಾಲ್ಕು ವರ್ಷ ಹಿಂದೆ ಕೆಟ್ಟಿದ್ದ ಮಾಪಕದ ಸುಳ್ಳು ಅಂಕಿಗಳನ್ನೇ ಯಂತ್ರ ಮತ್ತೆ ನಂಬಿತು. ಸುಮಾರು 38,000 ಅಡಿಯಲ್ಲಿದ್ದ ವಿಮಾನ ತಾನಾಗಿ ಮೂತಿ ಎತ್ತಿ 41,000 ಅಡಿಯವರೆಗೆ ಏರಿ, ವೇಗ 158 ನಾಟ್‌ಗೆ, ಅಂದರೆ ಗಂಟೆಗೆ ಅಷ್ಟೇ ನಾಟಿಕಲ್ ಮೈಲಿಗೆ, ಕುಸಿಯಿತು. ಪೈಲಟ್‌ಗಳು ಆಟೋಪೈಲಟ್ ತೆಗೆದು, ಕೈಯಿಂದ ಹಾರಿಸಿ, ಪರ್ತ್‌ಗೆ ಸುರಕ್ಷಿತವಾಗಿ ಮರಳಿದರು. ಏರ್‌ಬಸ್ ಎ320ರಂಥ ವಿಮಾನಗಳಲ್ಲಿ ಮೂರು ಸ್ವತಂತ್ರ ಘಟಕಗಳಿರುತ್ತವೆ. ಎರಡು ಒಂದು ಮಾತು ಹೇಳಿ ಮೂರನೆಯದು ಬೇರೆ ಹೇಳಿದರೆ ಯಾರನ್ನು ನಂಬಬೇಕೆಂದು ತಿಳಿಯುತ್ತದೆ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಸಾಮಾನ್ಯ ಹಾರಾಟದಲ್ಲಿ ಜಿಪಿಎಸ್ ಮತ್ತು ಐಆರ್‌ಎಸ್‌ಗಳನ್ನು ಬೆರೆಸಿ ಬಳಸುತ್ತಾರೆ, ಏಕೆಂದರೆ ಇವುಗಳ ಗುಣಗಳು ಒಂದಕ್ಕೊಂದು ಪೂರಕ. ಜಿಪಿಎಸ್‌ನ ತಪ್ಪು ಹೊತ್ತು ಕಳೆದಂತೆ ಬೆಳೆಯುವುದಿಲ್ಲ, ಆದರೆ ಅದರ ಸಂಕೇತ ಅತಿ ದುರ್ಬಲ, ಸುಲಭವಾಗಿ ಅಳಿಸಬಹುದು. ಐಆರ್‌ಎಸ್ ಅನ್ನು ಹೊರಗಿನಿಂದ ಯಾರೂ ಮುಟ್ಟಲಾರರು, ಆದರೆ ಅದು ನಿಧಾನವಾಗಿ ಅಲೆಯುತ್ತದೆ. ಯಾವುದನ್ನು ಎಷ್ಟು ನಂಬಬೇಕೆಂಬ ಲೆಕ್ಕಕ್ಕೆ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಗಣಿತ ಬಳಕೆಯಾಗುತ್ತದೆ. ಜಿಪಿಎಸ್ ನಿಂತಾಗ ವಿಮಾನ ಅಲ್ಲಿಯವರೆಗಿನ ಸ್ಥಾನದಿಂದ ಜಡತ್ವದ ಲೆಕ್ಕದಲ್ಲೇ ಮುಂದುವರಿಯುತ್ತದೆ. ಕರಾವಳಿಯ ಹತ್ತಿರ ಬಂದಂತೆ, ದೂರ ಅಳೆಯಲು ನೆರವಾಗುವ ಡಿಎಂಇಯಂಥ ರೇಡಿಯೋ ಕೇಂದ್ರಗಳ ದೂರ ನೋಡಿ ತಿದ್ದಿಕೊಳ್ಳುತ್ತದೆ. ಸ್ವತಂತ್ರ ಜಡತ್ವ ವ್ಯವಸ್ಥೆಗೆ ಒಪ್ಪಿತ ಮಿತಿ ಗಂಟೆಗೆ 2 ನಾಟಿಕಲ್ ಮೈಲಿ. ದುಬೈವರೆಗಿನ ಸುಮಾರು ನಾಲ್ಕು ಗಂಟೆಯ ಹಾರಾಟ ಪೂರ್ತಿ ಜಿಪಿಎಸ್ ಇಲ್ಲದೆ ನಡೆದರೂ ಈ ಮಿತಿಯಲ್ಲಿ 8 ನಾಟಿಕಲ್ ಮೈಲಿಯಾಯಿತು. ಸಾಗರದ ಮೇಲಿನ ಮಾರ್ಗಗಳಿಗೆ 10 ನಾಟಿಕಲ್ ಮೈಲಿಯ ನಿಖರತೆ ಸಾಕೆಂದಿರುವಲ್ಲಿ, ಜಡತ್ವ ವ್ಯವಸ್ಥೆಯೊಂದನ್ನೇ ನಂಬಿ 6.2 ಗಂಟೆಯವರೆಗೆ ಹಾರಲು ಅನುಮತಿ ಇರುವುದು ಇಂಥ ಲೆಕ್ಕಗಳಿಂದಲೇ. ಆದ್ದರಿಂದ ಸಂಕೇತ ನಿಂತರೆ ವಿಮಾನ ದಾರಿ ತಪ್ಪುತ್ತದೆಂಬ ಭಯ ಬೇಡ. ನನ್ನ ಮಟ್ಟಿಗೆ ಹೆಚ್ಚು ಆತಂಕದ್ದು ಸುಳ್ಳು ಸಂಕೇತ. ಸಂಕೇತ ಇಲ್ಲದಿದ್ದರೆ ಯಂತ್ರಕ್ಕೆ ಅದು ಇಲ್ಲವೆಂದು ತಿಳಿಯುತ್ತದೆ. ನಂಬುವಂತಿರುವ ಸುಳ್ಳು ಬಂದರೆ ಬೆರಕೆಯ ಲೆಕ್ಕ ಅದರತ್ತ ವಾಲಬಹುದು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2023ರ ನವೆಂಬರಿನಲ್ಲಿ ಈ ಬಗ್ಗೆ ವಿಮಾನ ಸಂಸ್ಥೆಗಳಿಗೆ ಸುತ್ತೋಲೆ ಹೊರಡಿಸಿತು. ಜಿಪಿಎಸ್ ಬೆರೆಯದ ಶುದ್ಧ ಜಡತ್ವದ ಸ್ಥಾನವನ್ನು ಘಟಕಗಳು ಪ್ರತ್ಯೇಕವಾಗಿ ಕಾಪಾಡಿಕೊಂಡಿರುವುದು ಅಂಥ ಹೊತ್ತಿನಲ್ಲಿ ನೆರವಿಗೆ ಬರುತ್ತದೆ. ಪೈಲಟ್‌ಗಳು ಎರಡನ್ನೂ ಹೋಲಿಸಿ ನೋಡಬಹುದು.

ವಿಮಾನ ಇಳಿದು, ಗೇಟಿನಲ್ಲಿ ನಿಂತು, ಎಂಜಿನ್ ಆರಿದ ಮೇಲೆ ಪೈಲಟ್‌ಗಳು ಐಆರ್‌ಎಸ್ ಘಟಕಗಳ ನೆಲವೇಗವನ್ನು ಒಮ್ಮೆ ನೋಡುತ್ತಾರೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿದ್ದರೂ ಒಂದು ಘಟಕ ಎರಡು ನಾಟ್, ಇನ್ನೊಂದು ಮೂರು ನಾಟ್ ವೇಗ ತೋರಿಸುತ್ತಿರಬಹುದು. ದಾರಿಯುದ್ದಕ್ಕೂ ಕೂಡಿ ಬಂದ ತಪ್ಪು ಅದು. ಮಿತಿಯೊಳಗಿದ್ದರೆ ಬಿಡುತ್ತಾರೆ, ಮೀರಿದ್ದರೆ ತಾಂತ್ರಿಕ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಮುಂದಿನ ಹಾರಾಟಕ್ಕೆ ಅಲೈನ್‌ಮೆಂಟ್ ಮಾಡಿ, ಹೊಸ ಶಿಲ್ಕಿನಿಂದ ಲೆಕ್ಕ ಶುರು ಮಾಡುತ್ತಾರೆ.